ಬಾಂಗ್ರಾ ಅರಮನೆಯೂ ಬಂಗಾಡಿಯ ಅರಸರೂ

‘ಕಾಂತಾರ ಅಧ್ಯಾಯ 1’ ಚಿತ್ರ 2025ರ ಅಕ್ಟೋಬರ್ 2ರಂದು ತೆರೆಗೆ ಬಂದಾಗ ಹೊರಗಿನ ಪ್ರೇಕ್ಷಕರ ಪಾಲಿಗೆ ಬಾಂಗ್ರಾ ಎಂಬುದು ಕಥೆಯಲ್ಲಿ ಬರುವ ಒಂದು ರಾಜ್ಯದ ಹೆಸರು ಮಾತ್ರವಾಗಿತ್ತು. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯವರಿಗೆ ಅದು ಅಷ್ಟು ಸಲೀಸಲ್ಲ. ಬೆಳ್ತಂಗಡಿ ತಾಲೂಕಿನಲ್ಲಿ ಬಂಗಾಡಿ ಎಂಬ ಊರಿದೆ. ಬಂಟ್ವಾಳ ತಾಲೂಕಿನಲ್ಲಿ ನೇತ್ರಾವತಿಯ ದಂಡೆಯ ಮೇಲೆ ನಂದಾವರವಿದೆ. ಇವೆರಡೂ ಬಂಗರು ಎಂಬ ಜೈನ ಅರಸು ಮನೆತನ ಆಳಿದ ಸ್ಥಳಗಳು. ಹೀಗಾಗಿ ಬಾಂಗ್ರಾ ಎಂದು ಕೇಳಿದ ಕೂಡಲೇ ಇಲ್ಲಿನವರಿಗೆ ಬಂಗರು ನೆನಪಾಗುವುದು ಸಹಜ.

ರಿಷಬ್ ಶೆಟ್ಟಿ ನಿರ್ದೇಶನದ ಈ ಚಿತ್ರವಾಗಲಿ, 2022ರ ‘ಕಾಂತಾರ’ವಾಗಲಿ ಇತಿಹಾಸ ಗ್ರಂಥವಲ್ಲ. ನಡೆದ ಇತಿಹಾಸವನ್ನು ಬದಿಗಿಟ್ಟು, ನಡೆಯದೇ ಹೋದದ್ದನ್ನು ನಡೆದಂತೆ ಕಟ್ಟುವ ಕಥೆಗಳು ಲೋಕದಲ್ಲಿ ಹೊಸತೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಮತ್ತು ಜಪಾನ್ ಗೆದ್ದಿದ್ದರೆ ಅಮೆರಿಕ ಹೇಗಿರುತ್ತಿತ್ತು ಎಂದು ಫಿಲಿಪ್ ಕೆ. ಡಿಕ್ 1962ರಲ್ಲೇ ಕಾದಂಬರಿ ಬರೆದರು. ಅದು ಮುಂದೆ ಧಾರಾವಾಹಿಯೂ ಆಯಿತು. ತೆಲುಗಿನ ‘ಆರ್‌ಆರ್‌ಆರ್’ 2022ರಲ್ಲಿ ಅಲ್ಲೂರಿ ಸೀತಾರಾಮರಾಜು ಮತ್ತು ಕೊಮರಂ ಭೀಮ್ ಅವರನ್ನು ಗೆಳೆಯರನ್ನಾಗಿ ಮಾಡಿತು. ಅದು ಕಲ್ಪನೆಯೆಂದು ನೋಡುವವರಿಗೆ ಗೊತ್ತಿತ್ತು. ಆದರೆ ತುಳುನಾಡಿನ ಅರಸರ ಚರಿತ್ರೆ ಶಾಲೆಯ ಪಾಠದಲ್ಲಿ ಹೆಚ್ಚಾಗಿ ಬರುವುದಿಲ್ಲ. ಹೀಗಿರುವಾಗ ಕಲ್ಪನೆ ಎಲ್ಲಿ ಮುಗಿಯಿತು, ಚರಿತ್ರೆ ಎಲ್ಲಿ ಶುರುವಾಯಿತು ಎಂದು ಹೊರಗಿನ ಪ್ರೇಕ್ಷಕ ತಿಳಿಯುವುದಾದರೂ ಹೇಗೆ?

ಮೂರು ಬಗೆಯ ಅಭಿಪ್ರಾಯ

ಈ ಚಿತ್ರಗಳ ಬಗೆಗಿನ ಮಾತುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಕಥೆಯ ಬಿಗಿ, ಕಾಡಿನ ದೃಶ್ಯ, ಅಜನೀಶ್ ಲೋಕನಾಥ್ ಸಂಗೀತ ಇವನ್ನು ಮೆಚ್ಚಿ, ಸಿನಿಮಾವನ್ನು ಸಿನಿಮಾವಾಗಿ ನೋಡಬೇಕು ಎನ್ನುವವರು ಮೊದಲನೆಯವರು. ದೈವದ ವೇಷ, ಆವೇಶಗಳು ಕೋಲದ ಅಂಗಳಕ್ಕೆ ಸೇರಿದವು, ಅವು ತೆರೆಗೆ ಬರಬಾರದು ಎನ್ನುವವರು ಎರಡನೆಯವರು. ಚಿತ್ರಮಂದಿರಗಳಲ್ಲಿ ಕೆಲವರು ದೈವದಂತೆ ವೇಷ ಹಾಕಿ ಕುಣಿದಾಗ, ಹಾಗೆ ಅನುಕರಿಸಬಾರದೆಂದು ಚಿತ್ರತಂಡವೇ 2025ರ ಅಕ್ಟೋಬರ್‌ನಲ್ಲಿ ವಿನಂತಿಸಬೇಕಾಯಿತು. ಇವೆರಡೂ ಸಾಕಷ್ಟು ಚರ್ಚೆಯಾಗಿವೆ. ಮೂರನೆಯ ಬಗೆಯವರು ಕೇಳುವುದು ಕಾಲ ಮತ್ತು ಹೆಸರಿನ ಪ್ರಶ್ನೆ. ಇದರ ಚರ್ಚೆ ಕಡಿಮೆಯಾದರೂ ಈ ಮೂರು ಊರುಗಳ ಮಟ್ಟಿಗೆ ಇದೇ ಮುಖ್ಯ.

ಕಾಲದ ಲೆಕ್ಕ

ಹೊಸ ಚಿತ್ರದ ಕಥೆ ಕದಂಬರ ಕಾಲದ್ದೆಂದು ಪ್ರಚಾರದಲ್ಲಿ ಹೇಳಲಾಗಿತ್ತು. ಬನವಾಸಿಯ ಕದಂಬರ ಆಳ್ವಿಕೆ ನಾಲ್ಕನೆಯ ಶತಮಾನದಿಂದ ಆರನೆಯ ಶತಮಾನದವರೆಗಿನದು. ಆಗ ಕರಾವಳಿಯಲ್ಲಿ ಕೇಳಿಬರುವ ಮನೆತನ ಆಳುಪರದು. ಹಲ್ಮಿಡಿ ಶಾಸನದಲ್ಲಿಯೇ ಅವರ ಉಲ್ಲೇಖವಿದೆ. ಬಂಗರ ವಂಶಾವಳಿ ಪರಂಪರೆಯ ಪ್ರಕಾರ ಆರಂಭವಾಗುವುದು ಹನ್ನೆರಡನೆಯ ಶತಮಾನದಲ್ಲಿ. ಎಂದರೆ ಬನವಾಸಿ ಕದಂಬರಿಗೂ ಬಂಗರಿಗೂ ನಡುವೆ ಕೆಲವು ಶತಮಾನಗಳ ಅಂತರ. ಗೋವೆ ಮತ್ತು ಹಾನಗಲ್ಲಿನ ಕದಂಬರನ್ನು ಹಿಡಿದರೆ ಈ ಅಂತರ ಇರುವುದಿಲ್ಲವಾದರೂ ಕದಂಬರೆಂದೊಡನೆ ಜನರಿಗೆ ನೆನಪಾಗುವುದು ಬನವಾಸಿಯೇ.

ಬಂಗರಿಗೆ ನೆರೆಯವರು ಚೌಟರು. ಉಳ್ಳಾಲ, ಪುತ್ತಿಗೆ, ಮೂಡುಬಿದಿರೆ ಇವರ ರಾಜಧಾನಿಗಳು. ಮೂಡುಬಿದಿರೆಯಲ್ಲಿ ಚೌಟರ ಅರಮನೆಯ ಕೆತ್ತನೆಯ ಮರದ ಕಂಬಗಳು ಪ್ರಸಿದ್ಧವಾಗಿವೆ. ವೇಣೂರಿನಲ್ಲಿ ಅಜಿಲರು ಆಳಿದರು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಚೌಟರವಳು. ಆಕೆಯ ಕೈಹಿಡಿದವನು ಬಂಗರ ಅರಸ. ಆತ ಆಕೆಯಿಂದ ದೂರವಾಗಿ ಪೋರ್ಚುಗೀಸರ ಪಕ್ಷ ಹಿಡಿದನೆಂಬ ಅಪಖ್ಯಾತಿಯೂ ಬಂಗರ ಹೆಸರಿಗಿದೆ. ಆದರೆ ಬಂಗರ ಕಥೆ ಅಲ್ಲಿಗೆ ಮುಗಿಯುವುದಿಲ್ಲ.

1847 ಮತ್ತು 1837

2022ರ ‘ಕಾಂತಾರ’ದ ಕಥೆ ಶುರುವಾಗುವುದು 1847ರಲ್ಲಿ. ನೆಮ್ಮದಿ ಅರಸಿ ಹೊರಟ ಅರಸನೊಬ್ಬ ಕಾಡಿನ ಜನರಿಂದ ಪಂಜುರ್ಲಿಯ ಕಲ್ಲನ್ನು ಪಡೆದು, ಅದಕ್ಕೆ ಬದಲಾಗಿ ಅವರಿಗೆ ಭೂಮಿ ಬಿಟ್ಟುಕೊಡುತ್ತಾನೆ. ಮುಂದಿನ ಕಥೆಯೆಲ್ಲ ಈ ಮಾತಿನ ಮೇಲೆ ನಿಂತಿದೆ. ಆದರೆ 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಕರಾವಳಿ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತ್ತು. ಥಾಮಸ್ ಮನ್ರೋ ಇಲ್ಲಿನ ಮೊದಲ ಕಲೆಕ್ಟರ್. ಆ ಮೇಲೆ ಕಂದಾಯ ನಿಗದಿ ಮಾಡುವವರು, ಭೂಮಿಯ ದಾಖಲೆ ಬರೆಯುವವರು ಕಂಪೆನಿಯವರೇ. ಹಳೆಯ ಅರಸು ಮನೆತನಗಳಿಗೆ ಉಳಿದದ್ದು ಮರ್ಯಾದೆ ಮಾತ್ರ. 1847ರಲ್ಲಿ ಕಾಡನ್ನು ಊರಿಗೆ ಬಿಟ್ಟುಕೊಡುವ ಅಧಿಕಾರವಿದ್ದ ಅರಸ ಈ ಜಿಲ್ಲೆಯಲ್ಲಿ ಇರಲಿಲ್ಲ. ಚಿತ್ರದ ಕಥೆ ಕವಲೊಡೆದು ಬೇರೆ ಇತಿಹಾಸವಾಗುವುದು ಇಲ್ಲಿಯೇ.

ಅದಕ್ಕೆ ಸರಿಯಾಗಿ ಹತ್ತು ವರ್ಷ ಮೊದಲು, 1837ರ ಏಪ್ರಿಲ್‌ನಲ್ಲಿ, ಕಂಪೆನಿಯ ತೆರಿಗೆಯ ವಿರುದ್ಧ ಸುಳ್ಯ ಸೀಮೆಯ ರೈತರು ದಂಗೆಯೆದ್ದು ಬಂಟ್ವಾಳದ ಮೂಲಕ ಮಂಗಳೂರಿಗೆ ನುಗ್ಗಿದರು. ಕೆದಂಬಾಡಿ ರಾಮಯ್ಯಗೌಡ, ಕಲ್ಯಾಣಪ್ಪ ಇದರ ಮುಂದಾಳುಗಳು. ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜ ಏರಿಸಿ ಹದಿಮೂರು ದಿನ ಅವರು ಮಂಗಳೂರನ್ನು ಹಿಡಿದಿಟ್ಟರೆಂದು ಹೇಳಲಾಗುತ್ತದೆ. ಈ ದಂಗೆಯಲ್ಲಿ ಸೇರಿದವರಲ್ಲಿ ನಂದಾವರದ ಲಕ್ಷ್ಮಪ್ಪ ಬಂಗರಸನೂ ಒಬ್ಬ. ಕಂಪೆನಿಯ ಪಡೆ ಬಂದು ದಂಗೆಯನ್ನು ಅಡಗಿಸಿದ ಮೇಲೆ ಕಲ್ಯಾಣಪ್ಪನ ಹಾಗೆ ಈತನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ರಾಮಯ್ಯಗೌಡರ ಪ್ರತಿಮೆ 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ಸ್ಥಾಪನೆಯಾಯಿತು. ‘ಕಾಂತಾರ’ ತೆರೆಕಂಡು ಆಗ ಎರಡು ತಿಂಗಳೂ ತುಂಬಿರಲಿಲ್ಲ.

ಹೀಗೆ ನಿಜವಾಗಿ ನಡೆದ ಕಥೆಯಲ್ಲಿ ಬಂಗರ ಅರಸ ರೈತರ ಜತೆ ನಿಂತು ಪ್ರಾಣ ಕೊಟ್ಟ. ತೆರೆಯ ಕಥೆಯಲ್ಲಿ ಬಾಂಗ್ರಾ ಅರಮನೆ ಕಾಡಿನ ಜನರ ಎದುರಾಳಿ. ಎರಡನೆಯದನ್ನು ಕೋಟಿಗಟ್ಟಲೆ ಜನ ನೋಡಿದ್ದಾರೆ. ಮೊದಲನೆಯದು ಈ ಜಿಲ್ಲೆಯ ಹೊರಗೆ ಬಲ್ಲವರು ಕಡಿಮೆ. ಮೂರನೆಯ ಬಗೆಯ ಪ್ರೇಕ್ಷಕರ ಆಕ್ಷೇಪಕ್ಕೆ ತೂಕ ಬರುವುದು ಇದರಿಂದ.

ಪಾಡ್ದನದ ಲೆಕ್ಕ ಬೇರೆ

ಹಾಗೆಂದು ಇಸವಿಯ ತಾಳೆ ನೋಡಿ ಚಿತ್ರವನ್ನು ತಳ್ಳಿಹಾಕುವುದು ತುಳುನಾಡಿನ ರೀತಿಗೆ ಒಪ್ಪುವ ಮಾತಲ್ಲ. ಕಲ್ಕುಡನ ಪಾಡ್ದನವನ್ನೇ ತೆಗೆದುಕೊಳ್ಳಬಹುದು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೀರು ಕಲ್ಕುಡ. ಅಂಥ ಮೂರ್ತಿ ಇನ್ನೆಲ್ಲೂ ಏಳಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಉಳಿದ ಒಂದೇ ಕೈಯಲ್ಲಿ ಕಲ್ಕುಡ ವೇಣೂರಿನ ಗೊಮ್ಮಟನನ್ನು ಕಡೆದ. ತಂಗಿ ಕಲ್ಲುರ್ಟಿ ಅಣ್ಣನಿಗಾದ ಅನ್ಯಾಯಕ್ಕೆ ಸೇಡು ತೀರಿಸಿಕೊಂಡಳು, ಇಬ್ಬರೂ ದೈವಗಳಾದರು ಎನ್ನುತ್ತದೆ ಪಾಡ್ದನ.

ಶಾಸನಗಳು ಹೇಳುವುದು ಬೇರೆ. ಕಾರ್ಕಳದ ಮೂರ್ತಿ 1432ರದು, ವೇಣೂರಿನದು ತಿಮ್ಮಣ್ಣ ಅಜಿಲನ ಕಾಲದ 1604ರದು. ನಡುವಿನ ಅಂತರ 172 ವರ್ಷ. ಎರಡನ್ನೂ ಒಬ್ಬನೇ ಕಡೆದಿರಲು ಸಾಧ್ಯವಿಲ್ಲ. ಆದರೂ ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಕೈಮುಗಿಯುವ ಭಕ್ತರು ಇಸವಿ ಕೇಳುವುದಿಲ್ಲ. ಅದು ಅಜ್ಞಾನವೂ ಅಲ್ಲ. ಶಾಸನದಲ್ಲಿ ಮೂರ್ತಿ ನಿಲ್ಲಿಸಿದ ಅರಸನ ಹೆಸರಿದೆ. ದುಡಿದವನಿಗಾದ ನೋವನ್ನು ಹೇಳುವುದಕ್ಕೆ ಇರುವುದು ಪಾಡ್ದನ. ಇವೆರಡನ್ನೂ ಬೇರೆ ಬೇರೆ ಕಡೆ ಇಟ್ಟುಕೊಂಡು ಗೌರವಿಸುವುದು ಇಲ್ಲಿನ ಜನರಿಗೆ ರೂಢಿ.

ಅರಮನೆಗೂ ಕಾಡಿನವರಿಗೂ ನಡುವಿನ ನ್ಯಾಯವನ್ನು ದೈವದ ಮುಂದೆ ತೀರ್ಮಾನಿಸುವ ‘ಕಾಂತಾರ’ದ ಕಥೆ ಈ ಜಾಡಿನಲ್ಲಿಯೇ ಬಂದದ್ದು. ಕೋಲದಲ್ಲಿ ನಲಿಕೆ, ಪರವ, ಪಂಬದ ಸಮುದಾಯದವರು ಕಟ್ಟುವ ದೈವದ ಮುಂದೆ ಗುತ್ತಿನವರೂ ಅರಸು ಮನೆತನದವರೂ ಕೈಮುಗಿದು ನಿಲ್ಲುತ್ತಾರೆ. ಚಿತ್ರದಲ್ಲಿ ಇಲ್ಲಿನ ಪ್ರೇಕ್ಷಕರು ಮೆಚ್ಚಿದ್ದರಲ್ಲಿ ಈ ನ್ಯಾಯದ ಪಾಲು ದೊಡ್ಡದು.

ವ್ಯತ್ಯಾಸವೊಂದಿದೆ. ಪಾಡ್ದನ ಹುಟ್ಟಿದ ಊರಿನಲ್ಲಿಯೇ ಉಳಿಯಿತು. ಅದನ್ನು ಕೇಳುವವರಿಗೆ ಗೊಮ್ಮಟನೂ ಗೊತ್ತು, ಅಜಿಲರೂ ಗೊತ್ತು. ಸಿನಿಮಾ ಊರು ಬಿಟ್ಟು ಹೋಗುತ್ತದೆ. ದೂರದ ಊರಿನಲ್ಲಿ ಅದನ್ನು ನೋಡುವವನಿಗೆ ಬಾಂಗ್ರಾದ ಪಕ್ಕದಲ್ಲಿಟ್ಟು ನೋಡಲು ನಂದಾವರದ ಬಂಗರಸನ ಕಥೆ ಸಿಗುವುದಿಲ್ಲ. ಕಲ್ಪಿಸುವ ಸ್ವಾತಂತ್ರ್ಯವನ್ನು ಕಥೆಗಾರನಿಂದ ಕಿತ್ತುಕೊಳ್ಳುವುದು ಇದಕ್ಕೆ ಪರಿಹಾರವಲ್ಲ. ನಡೆದ ಕಥೆಯನ್ನೂ ಅಷ್ಟೇ ಚೆನ್ನಾಗಿ, ಅಷ್ಟೇ ಸಲ ಹೇಳಬೇಕಾಗಿದೆ. ಬಿ.ಸಿ. ರೋಡಿನಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿ ಬೆಳೆಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಂಥ ಪ್ರಯತ್ನಗಳು ಆ ದಾರಿಯಲ್ಲಿವೆ. 1837ರಲ್ಲಿ ಗಲ್ಲಿಗೇರಿದ ಬಂಗರಸನ ಹೆಸರು ಜಿಲ್ಲೆಯ ಪ್ರತಿ ಶಾಲೆಯ ಮಕ್ಕಳಿಗೂ ತಿಳಿದಿದ್ದರೆ, ತೆರೆಯ ಮೇಲಿನ ಬಾಂಗ್ರಾ ಅರಸನನ್ನು ಕಥೆಯ ಅರಸನೆಂದು ನೋಡುವುದು ಅವರಿಗೆ ಕಷ್ಟವಾಗದು.