ಎಳೆಗೂಸಿಗೊಂದು ಕ್ರೋಶಾ ಕುಲಾವಿ

ಬಾಗಿಲಿಗೆ ತೋರಣ, ಟೀಪಾಯಿಗೆ ಹೊದಿಕೆ, ಹಾಲಿನ ಪಾತ್ರೆ ಮುಚ್ಚಲು ಮಣಿ ಕಟ್ಟಿದ ಜಾಲರಿ – ಕ್ರೋಶಾ ಕಡ್ಡಿ ಹಿಡಿಯಲು ಬಲ್ಲ ಗೃಹಿಣಿಯ ಮನೆಯಲ್ಲಿ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಇವೆಲ್ಲ ನೋಟಕ್ಕೆ ಚೆಂದ. ಅದೇ ಕಡ್ಡಿಯಿಂದ ಒಂದೇ ಸಂಜೆಯಲ್ಲಿ ಮುಗಿಯುವ, ಚೆಂದಕ್ಕಿಂತ ಹೆಚ್ಚಾಗಿ ಜೀವಕ್ಕೆ ಆಸರೆಯಾಗುವ ವಸ್ತುವೊಂದಿದೆ. ಅದೇ ಆಗ ತಾನೆ ಹುಟ್ಟಿದ ಮಗುವಿನ ಕುಲಾವಿ.

ತಲೆಗೇ ಏಕೆ?

ದೊಡ್ಡವರ ತಲೆ ಅವರ ಎತ್ತರದ ಸುಮಾರು ಎಂಟನೇ ಒಂದು ಪಾಲು. ಹಸುಗೂಸಿನದಾದರೋ ನಾಲ್ಕನೇ ಒಂದು ಪಾಲು! ಅಷ್ಟು ದೊಡ್ಡ ತಲೆ ಹುಟ್ಟುವಾಗ ಒದ್ದೆಯಾಗಿರುತ್ತದೆ. ತಲೆಸ್ನಾನ ಮಾಡಿ ಒದ್ದೆ ಕೂದಲಲ್ಲಿ ಗಾಳಿಗೆ ನಿಂತರೆ ನಮಗೇ ಮೈ ನಡುಗುತ್ತದಲ್ಲವೇ? ಕೂಸಿಗೆ ನಮ್ಮ ಹಾಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲೂ ಬಾರದು. ಅದರ ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಇಳಿದರೆ ಹಾಲು ಚೀಪುವ ಶಕ್ತಿಯೂ ಕುಂದುತ್ತದೆ.

ಆದ್ದರಿಂದಲೇ ಹುಟ್ಟಿದ ಕೂಡಲೇ ಒರೆಸಿ, ತಾಯಿಯ ಎದೆಗೆ ಮಲಗಿಸಿ, ತಲೆಗೆ ಟೋಪಿ ಹಾಕಬೇಕೆಂದೂ, ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ತಡೆಯಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಡಿಮೆ ತೂಕದ ಮಕ್ಕಳಿಗೆ ಕೊಡುವ ‘ಕಾಂಗರೂ ಆರೈಕೆ’ ಕೊಲಂಬಿಯಾ ದೇಶದ ಬೊಗೋಟಾದಲ್ಲಿ 1978ರಲ್ಲಿ ಶುರುವಾಯಿತು. ಅದರಲ್ಲಿ ತಾಯಿಯ ಬರಿಯ ಎದೆಗೆ ಅಂಟಿಕೊಂಡ ಕೂಸಿನ ಮೈಮೇಲೆ ಇರುವುದು ಲಂಗೋಟಿ, ಕಾಲುಚೀಲ ಮತ್ತು ಟೋಪಿ ಮಾತ್ರ.

ಬೇಕಾಗುವ ಸಾಮಾನು

ಮೃದುವಾದ ಬೇಬಿ ಉಲ್ಲನ್ ಸುಮಾರು 30 ಗ್ರಾಂ, ಅಥವಾ ಅಷ್ಟೇ ದಪ್ಪದ ಹತ್ತಿ ದಾರ ಸುಮಾರು 50 ಗ್ರಾಂ, 4 ಮಿ.ಮೀ. ಕ್ರೋಶಾ ಕಡ್ಡಿ, ದೊಡ್ಡ ಕಣ್ಣಿನ ಮೊಂಡು ಸೂಜಿ, ಅಳತೆ ಟೇಪು.

ಮಡಿಕೇರಿ, ಚಿಕ್ಕಮಗಳೂರಿನ ಚಳಿಗೆ ಉಲ್ಲನ್ ಸರಿ. ರಾಯಚೂರು, ಕಲಬುರಗಿಯ ಸೆಕೆಗೆ ಹತ್ತಿಯೇ ಲೇಸು. ದಾರ ಕೊಳ್ಳುವ ಮೊದಲು ಕೆನ್ನೆಗೆ ಉಜ್ಜಿ ನೋಡಿ. ನಿಮಗೆ ಚುಚ್ಚಿದರೆ ಮಗುವಿಗೂ ಚುಚ್ಚುತ್ತದೆ. ಎಳೆ ಉದುರುವ ಜೂಲು ಜೂಲು ಉಲ್ಲನ್ ಎಷ್ಟೇ ಮುದ್ದಾಗಿದ್ದರೂ ಬೇಡ. ಅದು ಮಗುವಿನ ಮೂಗು ಬಾಯಿಗೆ ಸೇರುತ್ತದೆ.

ಹೆಣೆಯುವ ವಿಧಾನ

ಇದಕ್ಕೆ ಸರಪಳಿ ಮತ್ತು ‘ಅರ್ಧ ಕಂಬ’ ಬಂದರೆ ಸಾಕು. ಅರ್ಧ ಕಂಬವೆಂದರೆ, ಕಡ್ಡಿಗೆ ದಾರ ಒಂದು ಸುತ್ತು ಹಾಕಿ, ಮನೆಯೊಳಗೆ ತೂರಿಸಿ ದಾರ ಎಳೆಯಿರಿ. ಕಡ್ಡಿಯ ಮೇಲೆ ಮೂರು ಕುಣಿಕೆ ನಿಲ್ಲುತ್ತವೆ. ಮತ್ತೊಮ್ಮೆ ದಾರ ಸುತ್ತಿ ಮೂರರೊಳಗಿಂದಲೂ ಒಟ್ಟಿಗೆ ಹೊರಕ್ಕೆ ಎಳೆಯಿರಿ.

4 ಸರಪಳಿ ಹಾಕಿ, ಕೊನೆಯದನ್ನು ಮೊದಲನೆಯದಕ್ಕೆ ಸೇರಿಸಿ ಉಂಗುರ ಮಾಡಿ. ಪ್ರತಿ ಸುತ್ತಿನ ಆರಂಭದಲ್ಲಿ 2 ಸರಪಳಿ ಹಾಕಿ. ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸುತ್ತು ಮುಗಿದಾಗ ಮೊದಲ ಕಂಬದ ತಲೆಗೆ ಸೇರಿಸಿ.

1ನೇ ಸುತ್ತು: ಉಂಗುರದೊಳಗೆ 9 ಅರ್ಧ ಕಂಬ.

2ನೇ ಸುತ್ತು: ಪ್ರತಿ ಮನೆಯಲ್ಲೂ ಎರಡೆರಡು (18).

3ನೇ ಸುತ್ತು: ಒಂದು ಮನೆಯಲ್ಲಿ ಒಂದು, ಮುಂದಿನದರಲ್ಲಿ ಎರಡು, ಹೀಗೆ ಕೊನೆಯವರೆಗೆ (27).

4ನೇ ಸುತ್ತು: ಎರಡು ಮನೆಯಲ್ಲಿ ಒಂದೊಂದು, ಮೂರನೆಯದರಲ್ಲಿ ಎರಡು (36).

5ನೇ ಸುತ್ತು: ಮೂರು ಮನೆಯಲ್ಲಿ ಒಂದೊಂದು, ನಾಲ್ಕನೆಯದರಲ್ಲಿ ಎರಡು (45).

6ನೇ ಸುತ್ತು: ನಾಲ್ಕು ಮನೆಯಲ್ಲಿ ಒಂದೊಂದು, ಐದನೆಯದರಲ್ಲಿ ಎರಡು (54).

ಇಲ್ಲಿ ಸ್ವಲ್ಪ ನಿಲ್ಲಿ. ಚಪಾತಿಯಂತೆ ಚಪ್ಪಟೆಯಾದ ಬಿಲ್ಲೆ ಬಂದಿರುತ್ತದೆ. ಅಳೆದು ನೋಡಿ, ಅಡ್ಡಗಲ ಸುಮಾರು 10 ಸೆಂ.ಮೀ. ಇರಬೇಕು. ತೀರ ದೊಡ್ಡದಾದರೆ ಸಣ್ಣ ಕಡ್ಡಿ, ಚಿಕ್ಕದಾದರೆ ದಪ್ಪ ಕಡ್ಡಿ ಹಿಡಿದು ಮತ್ತೆ ಹೆಣೆಯಿರಿ. ಈಗ ಬಿಚ್ಚುವುದು ಸುಲಭ, ಮುಗಿದ ಮೇಲೆ ಬೇಸರ!

ಇನ್ನು ಮುಂದೆ ಏರಿಕೆ ಇಲ್ಲ. ಪ್ರತಿ ಮನೆಯಲ್ಲೂ ಒಂದೊಂದೇ ಅರ್ಧ ಕಂಬ ಹಾಕುತ್ತ ಹೋದರೆ ಅಂಚು ತಾನಾಗಿ ಕೆಳಗೆ ಬಾಗಿ ಬಟ್ಟಲಿನ ಆಕಾರ ಬರುತ್ತದೆ. ನೆತ್ತಿಯಿಂದ ಅಂಚಿನವರೆಗೆ 13–14 ಸೆಂ.ಮೀ. ಆಗುವಷ್ಟು, ಅಂದರೆ ಇನ್ನು ಹತ್ತು ಹನ್ನೊಂದು ಸುತ್ತು ಹೆಣೆದು ದಾರ ಕತ್ತರಿಸಿ. ಎರಡೂ ತುದಿಗಳನ್ನು ಸೂಜಿಯಿಂದ ಹೆಣಿಗೆಯೊಳಗೇ ಹಿಂದೆ ಮುಂದೆ ಓಡಿಸಿ ಭದ್ರಪಡಿಸಿ. ನೆತ್ತಿಯ ರಂಧ್ರ ಅಲ್ಲಿಯ ತುದಿಯಿಂದಲೇ ಮುಚ್ಚಿಹೋಗುತ್ತದೆ.

ದಿನ ತುಂಬಿ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 33–35 ಸೆಂ.ಮೀ. ಕುಲಾವಿ ಅದಕ್ಕಿಂತ ಎರಡು ಸೆಂ.ಮೀ. ಕಡಿಮೆ ಇದ್ದರೆ ಹಿಗ್ಗಿ ಹೊಂದುತ್ತದೆ. ಆದರೆ ಕ್ರೋಶಾ ಹೆಣಿಗೆ ಸ್ವೆಟರಿನಷ್ಟು ಹಿಗ್ಗುವುದಿಲ್ಲ. ಕೈ ಸಡಿಲ ಬಿಟ್ಟು ಹೆಣೆಯಿರಿ. ತೆಗೆದಾಗ ಹಣೆಯ ಮೇಲೆ ಗೆರೆ ಮೂಡಿದ್ದರೆ ಬಿಗಿಯಾಯಿತೆಂದೇ ಅರ್ಥ. ಸಡಿಲವಾಗಿ ಕಣ್ಣು ಮೂಗಿಗೆ ಜಾರುವುದೂ ಅಪಾಯ. ದಿನ ತುಂಬದ ಪುಟ್ಟ ಮಗುವಿಗಾದರೆ 5ನೇ ಸುತ್ತಿಗೇ ಏರಿಕೆ ನಿಲ್ಲಿಸಿ, ಎತ್ತರ 11 ಸೆಂ.ಮೀ. ಇಡಿ.

ಅಲಂಕಾರ ಬೇಡವೇ?

ಬಣ್ಣದ ಒಂದು ಪಟ್ಟಿ ಹಾಕಿ, ಅಂಚಿಗೆ ಬೇರೆ ದಾರ ಹಿಡಿಯಿರಿ. ಅಷ್ಟೇ ಸಾಕು. ಮಣಿ, ಗುಂಡಿ, ಮಿಂಚು, ಉಲ್ಲನ್ ಚೆಂಡು ಕಿತ್ತು ಬಾಯಿಗೆ ಹೋಗಬಹುದು. ಗಲ್ಲದ ಕೆಳಗೆ ಕಟ್ಟುವ ಲಾಡಿ ಕತ್ತಿಗೆ ಬಿಗಿಯಬಹುದು. ಜಾಲರಿ ಹೆಣಿಗೆಯ ತೂತಿನಲ್ಲಿ ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ, ಬೆಚ್ಚಗೂ ಇರುವುದಿಲ್ಲ.

ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು?

“ಟೋಪಿ ತೆಗೀಬೇಡ್ವೇ, ಮಗೂಗೆ ಥಂಡಿ ಆಗುತ್ತೆ!” ಎನ್ನುವ ಅಜ್ಜಿಯ ಮಾತು ಹುಟ್ಟಿದ ಮೊದಲ ಗಂಟೆಗಳಿಗೆ, ಚಳಿಯಲ್ಲಿ ಹೊರಗೆ ಕರೆದೊಯ್ಯುವಾಗ ನೂರಕ್ಕೆ ನೂರು ನಿಜ. ಕಡಿಮೆ ತೂಕದ ಮಗುವಿಗಂತೂ ಡಾಕ್ಟರು ಸಾಕೆನ್ನುವವರೆಗೆ ಟೋಪಿ ಬೇಕು. ಆದರೆ ದಿನ ತುಂಬಿದ, ಆರೋಗ್ಯವಾದ ಮಗು ಬೆಚ್ಚಗಿನ ಕೋಣೆಯಲ್ಲಿ ಮಲಗಿದಾಗ ಮಾತು ಬೇರೆ. ಹೆಚ್ಚಿನ ಬಿಸಿಯನ್ನು ಕೂಸು ತಲೆಯಿಂದಲೇ ಹೊರಹಾಕಬೇಕು. ಮೊದಲ ಗಂಟೆಗಳು ಕಳೆದ ಮೇಲೆ ಮನೆಯೊಳಗೆ ಮಗುವಿಗೆ ಟೋಪಿ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಸಲಹೆ ನೀಡಿದೆ. ಮಿತಿಮೀರಿದ ಸೆಕೆಗೂ ನಿದ್ದೆಯಲ್ಲೇ ಆಗುವ ಶಿಶುಮರಣಕ್ಕೂ ನಂಟಿದೆ.

ಪರೀಕ್ಷೆ ನಿಮ್ಮ ಕೈಯಲ್ಲೇ ಇದೆ. ಅಂಗೈಯ ಹಿಂಬದಿಯಿಂದ ಮಗುವಿನ ಹೊಟ್ಟೆ, ಪಾದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಚಿಂತೆಯಿಲ್ಲ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಥಂಡಿ ತಟ್ಟುತ್ತಿದೆ. ಎದೆಗಪ್ಪಿ ಹೊದಿಸಿ, ಟೋಪಿ ಹಾಕಿ. ಎರಡೂ ತಣ್ಣಗಿದ್ದು ಮಗು ಹಾಲು ಕುಡಿಯದೆ ಮಂಕಾಗಿದ್ದರೆ ಎದೆಗಪ್ಪಿಕೊಂಡೇ ತಡಮಾಡದೆ ಆಸ್ಪತ್ರೆಗೆ ಹೋಗಿ. ಕತ್ತಿನ ಹಿಂದೆ ಬೆವರಿದ್ದರೆ ಟೋಪಿ ತೆಗೆದುಬಿಡಿ.

ಒಂದಲ್ಲ, ಎರಡು

ಹುಟ್ಟಿದಾಗ ಹಾಕಿದ ಮೊದಲ ಕುಲಾವಿ ಬೇಗ ಒದ್ದೆಯಾಗುತ್ತದೆ. ಒದ್ದೆ ಟೋಪಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಆದ್ದರಿಂದ ಎರಡು ಹೆಣೆದು, ಸೌಮ್ಯ ಸೋಪಿನಲ್ಲಿ ಒಗೆದು, ಚೆನ್ನಾಗಿ ಜಾಲಿಸಿ, ಬಿಸಿಲಲ್ಲಿ ಒಣಗಿಸಿ, ಶುದ್ಧವಾದ ಬಟ್ಟೆಯಲ್ಲಿ ಸುತ್ತಿ ಹೆರಿಗೆಯ ಚೀಲದಲ್ಲಿಡಿ.

“ಹುಟ್ಟೋ ಮುಂಚೆ ಹೊಸ ಬಟ್ಟೆ ಮಾಡಬಾರದು” ಎನ್ನುವ ಮನೆಗಳು ಎಷ್ಟೋ ಇವೆ. ಹಿರಿಯರ ಮನಸ್ಸು ನೋಯಿಸುವುದು ಬೇಡ. ನೆಂಟರ ಮನೆಯಲ್ಲಿ ಚೆನ್ನಾಗಿ ಬೆಳೆದ ಮಗುವಿನ ಹಳೇ ಕುಲಾವಿ ತಂದು ಒಗೆದಿಟ್ಟುಕೊಳ್ಳಿ. ಹೊಸದನ್ನು ತೊಟ್ಟಿಲು ಹಾಕುವ ದಿನಕ್ಕೆ ಹೆಣೆಯಬಹುದು. ಆ ಮೊದಲ ದಿನ ಮಾತ್ರ ಕೂಸಿನ ತಲೆ ಬರಿದಾಗಿರದಿದ್ದರೆ ಸರಿ.

ದಾರ ಉಳಿಯಿತೇ? ಜಿಲ್ಲಾ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಅಂಗೈಯಗಲದ ಮಕ್ಕಳು ಮಲಗಿರುತ್ತವೆ. ಅಲ್ಲಿಯ ಸಿಸ್ಟರನ್ನು ಮೊದಲು ಕೇಳಿ, ಅವರು ಹೇಳಿದ ಅಳತೆ, ಹೇಳಿದ ದಾರದಲ್ಲಿ ಹೆಣೆದು ಕೊಡಿ. ಮಹಿಳಾ ಸಮಾಜದ ಹತ್ತು ಜನ ಒಂದು ಮಧ್ಯಾಹ್ನ ಕುಳಿತರೆ ಹತ್ತು ತಲೆ ಬೆಚ್ಚಗಾಗುತ್ತವೆ.