ನಿಂತ ವಪೆಗೆ ವಿದ್ಯುತ್ತಿನ ಕರೆ

1995ರ ಮೇ ತಿಂಗಳಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ನಡೆದ ಕುದುರೆ ಸವಾರಿ ಸ್ಪರ್ಧೆಯಲ್ಲಿ ‘ಸೂಪರ್‌ಮ್ಯಾನ್’ ನಟ ಕ್ರಿಸ್ಟೋಫರ್ ರೀವ್ ತಲೆಕೆಳಗಾಗಿ ಬಿದ್ದರು. ಕತ್ತಿನ ತುತ್ತತುದಿಯಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ಕೈಕಾಲಿನ ಬಲದ ಜೊತೆಗೆ ತಾನಾಗಿ ಉಸಿರಾಡುವ ಶಕ್ತಿಯೂ ಹೋಯಿತು. ಅಂದಿನಿಂದ ಗಂಟಲಿಗೆ ಅಳವಡಿಸಿದ ಕೊಳವೆಯ ಮೂಲಕ ವೆಂಟಿಲೇಟರ್ ಅವರ ಶ್ವಾಸಕೋಶಕ್ಕೆ ಗಾಳಿ ತಳ್ಳುತ್ತಿತ್ತು. 2003ರಲ್ಲಿ ಕ್ಲೀವ್‌ಲ್ಯಾಂಡ್‌ನ ಶಸ್ತ್ರವೈದ್ಯ ರೇಮಂಡ್ ಒಂಡರ್ಸ್ ಕೀಹೋಲ್ ಶಸ್ತ್ರಚಿಕಿತ್ಸೆಯಲ್ಲಿ ರೀವ್ ಅವರ ವಪೆಗೆ ವಿದ್ಯುತ್ ತಂತಿಗಳನ್ನು ಜೋಡಿಸಿದರು. ಆಮೇಲೆ ರೀವ್ ವೆಂಟಿಲೇಟರ್ ಬಿಟ್ಟು ಒಂದಷ್ಟು ಹೊತ್ತು ಉಸಿರಾಡಬಲ್ಲವರಾದರು. ಗಾಳಿ ಮತ್ತೆ ಮೂಗಿನಿಂದಲೇ ಒಳಹೋಗತೊಡಗಿದ್ದರಿಂದ ಅವರಿಗೆ ವಾಸನೆಯೂ ತಿಳಿಯತೊಡಗಿತು.

ಎದೆಗೂ ಹೊಟ್ಟೆಗೂ ನಡುವೆ ಇರುವ ತೆಳ್ಳನೆಯ ಸ್ನಾಯು ವಪೆ. ಅದು ಬಿಗಿದು ಕೆಳಗಿಳಿದಾಗ ಎದೆಗೂಡು ಹಿಗ್ಗುತ್ತದೆ, ಗಾಳಿ ತಾನಾಗಿ ಒಳಗೆ ಬರುತ್ತದೆ. ಕನಸು ಬೀಳುವ ನಿದ್ದೆಯ ಹಂತದಲ್ಲಂತೂ ಉಸಿರಿಗೆ ನೆರವಾಗುವ ಇತರ ಸ್ನಾಯುಗಳು ಸಡಿಲಗೊಂಡು, ಭಾರವೆಲ್ಲ ವಪೆಯ ಮೇಲೆಯೇ ಬೀಳುತ್ತದೆ. ವಪೆಗೆ ಲಕ್ವ ಹೊಡೆದವರು ರಾತ್ರಿಯಲ್ಲಿ ಹೆಚ್ಚು ಬಳಲುವುದು ಇದರಿಂದಲೇ.

ಉಸಿರೆಳೆಯುವ ಆಜ್ಞೆ ಹೊರಡುವುದು ಮಿದುಳುಕಾಂಡದಿಂದ. ಅದು ಬೆನ್ನುಹುರಿಯಲ್ಲಿಳಿದು, ಕತ್ತಿನ 3, 4 ಮತ್ತು 5ನೆಯ ನರಬೇರುಗಳಿಂದ ಹುಟ್ಟುವ ಫ್ರೆನಿಕ್ ನರವನ್ನು ಹಿಡಿದು, ಹೃದಯದ ಪಕ್ಕದಲ್ಲೇ ಹಾದು ವಪೆಗೆ ಮುಟ್ಟುತ್ತದೆ. ಎಡಕ್ಕೊಂದು, ಬಲಕ್ಕೊಂದು ನರ. ದಾರಿ ಉದ್ದವಾದಷ್ಟೂ ಅಪಾಯ ಹೆಚ್ಚು. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಮಂಜಿನ ತಂಪು, ಎದೆಯ ಗೆಡ್ಡೆ, ಸರ್ಪಸುತ್ತು, ಹೆರಿಗೆಯಲ್ಲಿ ಮಗುವಿನ ಕತ್ತು ಎಳೆತಕ್ಕೆ ಸಿಕ್ಕುವುದು, ಇವೆಲ್ಲ ಆ ನರಕ್ಕೆ ಹಾನಿ ಮಾಡಬಲ್ಲವು.

ಹೊಲದ ಪಂಪ್‌ಸೆಟ್ ನಿಂತರೆ ರೈತ ಮೊದಲು ನೋಡುವುದು ಸ್ಟಾರ್ಟರ್ ಕೆಟ್ಟಿದೆಯೋ, ಕೇಬಲ್ ಕಡಿದಿದೆಯೋ, ಮೋಟರ್ ಸುಟ್ಟಿದೆಯೋ ಎಂದು. ವಪೆಯ ಚಿಕಿತ್ಸೆಯೂ ಅಲ್ಲಿಂದಲೇ ಶುರುವಾಗಬೇಕು. ರೀವ್ ಅವರ ಪೆಟ್ಟು ಬಿದ್ದದ್ದು 3ನೆಯ ನರಬೇರಿಗಿಂತ ಮೇಲೆ. ಆಜ್ಞೆ ಬರುವುದು ನಿಂತಿದ್ದರೂ ಕೆಳಗಿನ ನರ, ಸ್ನಾಯು ಎರಡೂ ಜೀವಂತವಾಗಿದ್ದವು. ಹೊರಗಿನಿಂದ ಕೊಟ್ಟ ವಿದ್ಯುತ್ತು ಅವರಿಗೆ ಒಗ್ಗಿದ್ದು ಅದಕ್ಕೇ.

ಈ ಉಪಾಯ ಹೊಸದಲ್ಲ. 1960ರ ದಶಕದಲ್ಲೇ ಯೇಲ್ ವಿಶ್ವವಿದ್ಯಾಲಯದ ವಿಲಿಯಂ ಗ್ಲೆನ್, ಚರ್ಮದ ಅಡಿಯಲ್ಲಿ ಹುದುಗಿಸಿದ ಗ್ರಾಹಕಕ್ಕೆ ಹೊರಗಿನಿಂದ ರೇಡಿಯೊ ತರಂಗ ಕಳಿಸಿ ಫ್ರೆನಿಕ್ ನರವನ್ನು ಪ್ರಚೋದಿಸಿದ್ದರು. ಒಂಡರ್ಸ್ ತಂಡ ನರದ ಗೊಡವೆಗೆ ಹೋಗದೆ, ನರ ಸ್ನಾಯುವನ್ನು ಹೊಗುವ ಜಾಗವನ್ನೇ ಹುಡುಕಿ, ಪ್ರತಿ ಬದಿಗೂ ಎರಡೆರಡು ತಂತಿ ನೆಟ್ಟಿತು. ತಂತಿಗಳು ಚರ್ಮದಿಂದ ಹೊರಬಂದು ಬ್ಯಾಟರಿಯ ಪುಟ್ಟ ಪೆಟ್ಟಿಗೆಗೆ ಸೇರುತ್ತವೆ. ಆದರೆ ಪೆಟ್ಟಿಗೆ ಚಾಲೂ ಮಾಡಿದೊಡನೆ ವೆಂಟಿಲೇಟರ್ ಎತ್ತಿಡುವಂತಿಲ್ಲ. ಕೆಲಸವಿಲ್ಲದೆ ಬಿದ್ದ ಸ್ನಾಯು ಸೊರಗಿರುತ್ತದೆ. ದಿನಕ್ಕೆ ಕೆಲವೇ ನಿಮಿಷದಿಂದ ಆರಂಭಿಸಿ, ವಾರಗಳು, ತಿಂಗಳುಗಳ ಕಾಲ ಅದನ್ನು ಪಳಗಿಸಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಬೆನ್ನುಹುರಿ ಪೆಟ್ಟಿನ ರೋಗಿಗಳಿಗೆ ಈ ಸಾಧನವನ್ನು ಒಪ್ಪಿತು.

2011ರಲ್ಲಿ ಅದೇ ಸಾಧನಕ್ಕೆ ಎಎಲ್‌ಎಸ್ ರೋಗಿಗಳಿಗೂ ಬಳಸಲು ಅನುಮತಿ ಸಿಕ್ಕಿತು. ಸ್ನಾಯುಗಳನ್ನು ಆಳುವ ನರಕೋಶಗಳೇ ಒಂದೊಂದಾಗಿ ಸಾಯುವ ಕಾಯಿಲೆ ಅದು. ಬ್ರಿಟನ್ನಿನ ವೈದ್ಯರು 74 ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶ ಎದೆ ನಡುಗಿಸುವಂಥದು: ಮಾಸ್ಕಿನ ಉಸಿರಾಟ ಯಂತ್ರವನ್ನಷ್ಟೇ ಪಡೆದವರು ಮಧ್ಯಮ ಲೆಕ್ಕದಲ್ಲಿ 22.5 ತಿಂಗಳು ಬದುಕಿದರೆ, ಅದರ ಜೊತೆಗೆ ತಂತಿಯನ್ನೂ ಹಾಕಿಸಿಕೊಂಡವರು ಬದುಕಿದ್ದು 11 ತಿಂಗಳು. ಒಬ್ಬರಿಗೆ ಉಸಿರು ಕೊಟ್ಟ ಯಂತ್ರ ಇನ್ನೊಬ್ಬರ ಆಯುಸ್ಸನ್ನು ಕಡಿಮೆ ಮಾಡಿತು. ಒಳ್ಳೆಯ ಉದ್ದೇಶದ ಚಿಕಿತ್ಸೆಯನ್ನೂ ಹೋಲಿಸಿ ನೋಡದೆ ನಂಬಬಾರದು ಎನ್ನುವುದಕ್ಕೆ ನನಗೆ ಇದಕ್ಕಿಂತ ಗಟ್ಟಿ ಉದಾಹರಣೆ ಬೇಕಿಲ್ಲ.

ವಪೆಯ ಲಕ್ವ ಎಂದರೆ ಎಲ್ಲರಿಗೂ ಇಷ್ಟು ಘೋರವೇನಲ್ಲ. ಒಂದು ಬದಿ ಮಾತ್ರ ನಿಂತವರಲ್ಲಿ ಎಷ್ಟೋ ಮಂದಿಗೆ ಅದು ಗೊತ್ತೇ ಇರುವುದಿಲ್ಲ. ಬೇರಾವುದಕ್ಕೋ ತೆಗೆಸಿದ ಎಕ್ಸ್‌ರೇಯಲ್ಲಿ ವಪೆಯ ಒಂದು ಪಾಲು ಮೇಲೇರಿ ಕೂತಿರುವುದು ಕಾಣುತ್ತದೆ. ಪೆಟ್ಟಾದ ನರ ಚೇತರಿಸಿಕೊಳ್ಳಬಹುದು, ಆದರೆ ಹೊಸದಾಗಿ ಬೆಳೆಯುವ ನರತಂತು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಸಾಗುತ್ತದೆ, ಅಷ್ಟೇ. ಅವಸರವಿಲ್ಲದಿದ್ದರೆ ವೈದ್ಯರು ತಿಂಗಳುಗಟ್ಟಲೆ ಕಾಯುತ್ತಾರೆ. ಕಾದೂ ಗುಣವಾಗದೆ ಏದುಸಿರು ಕಾಡುತ್ತಿದ್ದರೆ, ಜೋಲುಬಿದ್ದ ವಪೆಯನ್ನು ಮಡಿಸಿ ಬಿಗಿಯಾಗಿ ಹೊಲಿಯುತ್ತಾರೆ. ಹೊಲಿದ ಭಾಗ ಅಲುಗುವುದಿಲ್ಲ. ಉಸಿರೆಳೆದಾಗಲೆಲ್ಲ ಮೇಲಕ್ಕೆ ಸೆಳೆಯಲ್ಪಟ್ಟು ಶ್ವಾಸಕೋಶದ ಜಾಗ ಕಬಳಿಸುವುದು ಮಾತ್ರ ತಪ್ಪುತ್ತದೆ. ಎರಡೂ ಬದಿ ಸೋತವರಿಗೆ ರಾತ್ರಿ ಹಾಕಿಕೊಳ್ಳುವ, ಗಾಳಿ ತಳ್ಳುವ ಬೈಪ್ಯಾಪ್ ಯಂತ್ರದ ಮಾಸ್ಕ್ ಸಾಮಾನ್ಯವಾಗಿ ಮೊದಲ ಆಸರೆ.

ಅಂಗಾತ ಮಲಗಿದೊಡನೆ ಉಸಿರು ಕಟ್ಟಿದಂತಾಗಿ, ಎದ್ದು ಕೂತರೆ ಹಗುರಾಗುವುದನ್ನು ಗ್ಯಾಸು, ವಯಸ್ಸು ಎಂದು ತಳ್ಳಿಹಾಕಬೇಡಿ. ಹೃದಯದ ತೊಂದರೆಯೂ ಹೀಗೇ ಕಾಣಿಸಿಕೊಳ್ಳುವುದರಿಂದ ಮೊದಲು ಅದನ್ನು ತೋರಿಸಿಕೊಳ್ಳಿ. ಹೃದಯ ಸರಿಯಿದ್ದೂ ಕಷ್ಟ ನಿಲ್ಲದಿದ್ದರೆ ವಪೆಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಬಹುದೇ ಎಂದು ವೈದ್ಯರನ್ನು ಕೇಳಿ. ಚುಚ್ಚದೆ, ನೋಯಿಸದೆ ಮಾಡುವ ಪರೀಕ್ಷೆ ಅದು.