ನಿಮ್ಮ ಉತ್ತರ ನೋಡಿ ಮುಂದಿನ ಪ್ರಶ್ನೆ

ಫಿಸಿಕ್ಸ್ ಪ್ರಾಕ್ಟಿಕಲ್‌ನ ವೈವಾ ನೆನಪಿಸಿಕೊಳ್ಳಿ. ಓಮ್‌ನ ನಿಯಮ ಸರಿಯಾಗಿ ಹೇಳಿದರೆ ಪರೀಕ್ಷಕರು ಮೀಟರ್ ಬ್ರಿಡ್ಜ್‌ಗೆ ಹೋಗುತ್ತಾರೆ. ತಡವರಿಸಿದರೆ, "ಹೋಗಲಿ, ರೋಧದ ಏಕಮಾನ ಹೇಳಿ" ಎಂದು ಕೆಳಗಿಳಿಯುತ್ತಾರೆ. ಇದೇ ಕೆಲಸವನ್ನು ಕಂಪ್ಯೂಟರ್ ಮಾಡಿದರೆ ಅದು ಅಡಾಪ್ಟಿವ್ ಪರೀಕ್ಷೆ. ಎಂಬಿಎ ಪ್ರವೇಶದ ಜಿಮ್ಯಾಟ್ 1997ರಿಂದ ಹೀಗೆಯೇ ನಡೆಯುತ್ತಿದೆ. (ಇಂಥ ಪರೀಕ್ಷೆಗೆ ಇಂಗ್ಲಿಷ್‌ನಲ್ಲಿ ಚಿಕ್ಕದಾಗಿ 'ಕ್ಯಾಟ್' ಎನ್ನುತ್ತಾರೆ. ನಮ್ಮ ಐಐಎಂಗಳ ಕ್ಯಾಟ್ ಬೇರೆ, ಅದು ಅಡಾಪ್ಟಿವ್ ಅಲ್ಲ.)

ಮುಂದಿನ ಪ್ರಶ್ನೆ ಯಾವುದೆಂದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ? ಪ್ರತಿ ಪ್ರಶ್ನೆಯನ್ನೂ ಮೊದಲೇ ಅನೇಕ ವಿದ್ಯಾರ್ಥಿಗಳಿಗೆ ಕೊಟ್ಟು, ಅದು ಎಷ್ಟು ಕಠಿಣ ಎಂದು ಅಳೆದಿರುತ್ತಾರೆ. ನೀವು ಉತ್ತರಿಸಿದಂತೆಲ್ಲ ಯಂತ್ರ ನಿಮ್ಮ ಮಟ್ಟದ ಅಂದಾಜನ್ನು ತಿದ್ದಿಕೊಂಡು, ಆ ಮಟ್ಟದ ಬಗ್ಗೆ ಹೆಚ್ಚು ಮಾಹಿತಿ ಕೊಡುವ ಪ್ರಶ್ನೆಯನ್ನು ಹುಡುಕುತ್ತದೆ. ಡೆನ್ಮಾರ್ಕಿನ ಗಣಿತಜ್ಞ ಗಿಯೋರ್ಗ್ ರಾಶ್ ಅವರ ಸರಳ ಮಾದರಿಯಲ್ಲಿ ಲೆಕ್ಕ ಬಾಯಲ್ಲೇ ಮಾಡಬಹುದು: ಸರಿಯುತ್ತರದ ಸಂಭವನೀಯತೆಯನ್ನು ತಪ್ಪುತ್ತರದ ಸಂಭವನೀಯತೆಯಿಂದ ಗುಣಿಸಿದರೆ ಸಿಗುವುದೇ ಮಾಹಿತಿ. ನಿಮಗೆ 90% ಬರುವ ಪ್ರಶ್ನೆಯಾದರೆ 0.9 × 0.1 = 0.09. ಅರ್ಧಂಬರ್ಧ ಬರುವ ಪ್ರಶ್ನೆಯಾದರೆ 0.5 × 0.5 = 0.25, ಅಂದರೆ ಸುಮಾರು ಮೂರು ಸುಲಭ ಪ್ರಶ್ನೆಗಳಿಗೆ ಸಮ. ಆದ್ದರಿಂದ ಇಂಥ ಪರೀಕ್ಷೆಯಲ್ಲಿ ಜಾಣರಿಗೂ ಅರ್ಧದಷ್ಟು ತಪ್ಪಾಗಬಹುದು. ನಡುವೆ ಪ್ರಶ್ನೆಗಳು ಕಠಿಣವಾದರೆ ಗಾಬರಿಯಾಗಬೇಡಿ, ಅದು ಒಳ್ಳೆಯ ಲಕ್ಷಣ.

ಆದರೆ ಯಾವಾಗಲೂ ಅತ್ಯುತ್ತಮ ಪ್ರಶ್ನೆಯನ್ನೇ ಆರಿಸಿದರೆ, ಒಂದೇ ಮಟ್ಟದವರಿಗೆಲ್ಲ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬೀಳುತ್ತವೆ. ಜಿಆರ್‌ಇ 1993ರಲ್ಲಿ ಅಡಾಪ್ಟಿವ್ ಆಯಿತು. ಮರುವರ್ಷವೇ ಕ್ಯಾಪ್ಲನ್ ಎಂಬ ಕೋಚಿಂಗ್ ಸಂಸ್ಥೆ ತನ್ನ ನೌಕರರನ್ನು ಪರೀಕ್ಷೆಗೆ ಕೂರಿಸಿತು. ಅವರು ಬಾಯಿಪಾಠ ಮಾಡಿಕೊಂಡು ಬಂದ ಪ್ರಶ್ನೆಗಳನ್ನು ಒಟ್ಟುಮಾಡಿ ಪರೀಕ್ಷೆ ನಡೆಸುವ ಇಟಿಎಸ್‌ಗೇ ತೋರಿಸಿತು! ಇಟಿಎಸ್ ಕೋರ್ಟಿಗೆ ಹೋಯಿತು.

ಇದಕ್ಕೆ ಸಿಂಪ್ಸನ್ ಮತ್ತು ಹೆಟ್ಟರ್ 1985ರಲ್ಲೇ ಒಂದು ಉಪಾಯ ಸೂಚಿಸಿದ್ದರು: ಪ್ರಶ್ನೆ ಆಯ್ಕೆಯಾದ ಮೇಲೂ ಒಂದು ಚೀಟಿ ಎತ್ತಿದಂತೆ ಮಾಡುವುದು. ಚೀಟಿ ಬೀಳದಿದ್ದರೆ ಅದನ್ನು ಬಿಟ್ಟು ನಂತರದ ಪ್ರಶ್ನೆ. ಬೇಡಿಕೆ ಹೆಚ್ಚಿರುವ ಪ್ರಶ್ನೆಗೆ ಚೀಟಿ ಬೀಳುವ ಅವಕಾಶ ಕಡಿಮೆ. ಅಳತೆ ತುಸು ಒರಟಾಗುತ್ತದೆ, ಆದರೆ ಪ್ರಶ್ನೆಗಳು ಅಷ್ಟು ಬೇಗ ಬೀದಿಗೆ ಬರುವುದಿಲ್ಲ.

2011ರಿಂದ ಜಿಆರ್‌ಇಯಲ್ಲಿ ಪ್ರಶ್ನೆಯ ಬದಲು ಇಡೀ ವಿಭಾಗವೇ ಬದಲಾಗುತ್ತದೆ. ಮೊದಲ ವಿಭಾಗ ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೆಯದರ ಕಠಿಣತೆ ನಿರ್ಧಾರವಾಗುತ್ತದೆ. ಒಂದು ವಿಭಾಗದೊಳಗೆ ಹಿಂದೆ ಹೋಗಿ ಉತ್ತರ ತಿದ್ದಲೂಬಹುದು.